ಏಕತಾರಿಯ ಪದಕ್ಕೆ ಗಿಟಾರಿನ ಜೊತೆ: ಕನ್ನಡ ಜನಪದ ಪ್ರಯೋಗಗಳ ಹಾದಿ

ತತ್ವಪದವೊಂದನ್ನು ಡ್ರಮ್ಸ್, ಬಾಸ್ ಗಿಟಾರುಗಳ ಜೊತೆ ಹಾಡುವುದನ್ನು ಇವತ್ತಿನ ಹುಡುಗರ ಹುಚ್ಚು ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಜನಪದ ಹಾಡನ್ನು ಹೊಸ ವೇದಿಕೆಗೆ ಒಗ್ಗಿಸುವ ಕೆಲಸ ಕನ್ನಡದಲ್ಲಿ ತಲೆಮಾರುಗಳಿಂದ ನಡೆದುಬಂದಿದೆ.

ಆ ಹಾದಿಯ ಹಿರಿಯರು ಪಿ. ಕಾಳಿಂಗರಾಯರು (1914–1981). ಮೋಹನಕುಮಾರಿ, ಸೋಹನಕುಮಾರಿ ಅವರೊಡನೆ ಜನಪದ ಗೀತೆಗಳನ್ನೂ ಕವಿಗಳ ಭಾವಗೀತೆಗಳನ್ನೂ ಅವರು ಒಂದೇ ಕಛೇರಿಯಲ್ಲಿ ಹಾಡಿದರು. ದುಡಿಯುತ್ತ ಹಾಡಿಕೊಳ್ಳುತ್ತಿದ್ದ ಹಾಡಿಗೆ ಟಿಕೆಟ್ ಕೊಂಡು ಕೇಳುವ ಶ್ರೋತೃಗಳು ಸಿಕ್ಕರು. 1972ರಲ್ಲಿ ಬಿ.ವಿ. ಕಾರಂತರು ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ರಂಗಕ್ಕೆ ತಂದಾಗ ಬಯಲಾಟದ ಹಾಡು, ಕುಣಿತಗಳು ಆಧುನಿಕ ನಾಟಕದ ಉಸಿರಾದವು.

ಮುಂದಿನ ತಿರುವು ಸಿ. ಅಶ್ವಥ್ ಅವರದು. ಶಿಶುನಾಳ ಷರೀಫರ (1819–1889) ಪದಗಳು ಉತ್ತರ ಕರ್ನಾಟಕದ ಭಜನಾ ಮೇಳಗಳಲ್ಲಿ ಏಕತಾರಿ, ತಾಳಗಳೊಂದಿಗೆ ಬಾಯಿಂದ ಬಾಯಿಗೆ ಸಾಗಿಬಂದಿದ್ದವು. ಮುಸ್ಲಿಂ ಮನೆಯಲ್ಲಿ ಹುಟ್ಟಿ, ಗೋವಿಂದಭಟ್ಟರ ಶಿಷ್ಯನಾಗಿ ಬೆಳೆದ ಆ ಕವಿಯ ಪದಗಳಲ್ಲೇ ಎರಡು ಲೋಕಗಳು ಬೆರೆತಿವೆ. ಅಶ್ವಥ್ ಅವುಗಳಿಗೆ ವಾದ್ಯವೃಂದದ ಬಲ ತುಂಬಿ, ಎತ್ತರದ ದನಿಯಲ್ಲಿ ಹಾಡಿ ಕ್ಯಾಸೆಟ್ಟುಗಳ ಮೂಲಕ ಮನೆಮನೆಗೆ ಮುಟ್ಟಿಸಿದರು. ಅವರದೇ ಸಂಗೀತವಿದ್ದ, ಟಿ.ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಷರೀಫ’ (1990) ಚಿತ್ರ ರಾಷ್ಟ್ರೀಯ ಭಾವೈಕ್ಯಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆಯಿತು.

ಅದೇ ಷರೀಫರನ್ನು ಹೊರದೇಶದ ಕೇಳುಗರ ಮುಂದೆ ನಿಲ್ಲಿಸಿದವರು ರಘು ದೀಕ್ಷಿತ್. ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ಅವರು ಭರತನಾಟ್ಯ ಕಲಿತವರು, ಸೂಕ್ಷ್ಮಜೀವಿಶಾಸ್ತ್ರ ಓದಿದವರು. ಗಿಟಾರ್ ಕೈಹಿಡಿದದ್ದು ಕಾಲೇಜಿನ ದಿನಗಳಲ್ಲಿ. ‘ಅಂತರಾಗ್ನಿ’ ತಂಡದ ನಂತರ ಅವರು ಕಟ್ಟಿದ ‘ರಘು ದೀಕ್ಷಿತ್ ಪ್ರಾಜೆಕ್ಟ್’ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು. ಮರುವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ ಬಂತು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ ಕಣ್ಣಿಗೆ ಮೊದಲು ಬೀಳುತ್ತವೆ. ಆದರೆ ಅವರ ಸಾಧನೆ ಇರುವುದು ಹಾಡುವ ಕ್ರಮದಲ್ಲಿ. ಗುಡುಗುಡಿಯನ್ನು ರೂಪಕವಾಗಿಸಿ ಮನಸ್ಸನ್ನು ಶುದ್ಧಮಾಡಿಕೊಳ್ಳುವ ಬಗೆ ಹೇಳುವ ಪದವಾಗಲಿ, ಮಾಳಿಗೆ ಸೋರುವುದನ್ನು ಹೇಳುತ್ತಲೇ ಅಜ್ಞಾನವನ್ನು ತೋರಿಸುವ ಪದವಾಗಲಿ, ಅವರ ಬಾಯಲ್ಲಿ ಕನ್ನಡವಾಗಿಯೇ ಉಳಿಯುತ್ತದೆ. ಪಿಟೀಲು, ಗಿಟಾರುಗಳು ಪಲ್ಲವಿಗೆ ದಾರಿ ಬಿಟ್ಟು ನುಡಿಸುತ್ತವೆ. ಕನ್ನಡ ಬಾರದವರೂ ಪಲ್ಲವಿಗೆ ದನಿಗೂಡಿಸುವುದು ಇದರಿಂದಲೇ. ಮೈಸೂರಿನಲ್ಲೇ ಮೊಳೆತ ‘ಸ್ವರಾತ್ಮ’ ತಂಡದ ವಾಸು ದೀಕ್ಷಿತ್ ಕೂಡ ಜನಪದ, ದಾಸರ ಪದಗಳನ್ನು ಹೊಸ ಲಯದಲ್ಲಿ ಹಾಡುತ್ತಿದ್ದಾರೆ.

ಇತ್ತೀಚಿನ ಬದಲಾವಣೆ ಇನ್ನೂ ಮುಖ್ಯವಾದುದು. ಚರಣ್‌ರಾಜ್ ಸಂಗೀತದ ‘ಸಲಗ’ (2021) ಚಿತ್ರದಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಗಿರಿಜಾ ಸಿದ್ದಿ ಮೊದಲಾದವರೇ ಹಾಡಿದರು. ಸಮುದಾಯದ ಹಾಡನ್ನು ಸಮುದಾಯದ ಕೊರಳಿನಿಂದಲೇ ನಾಡು ಕೇಳಿತು.

ಪ್ರಯೋಗಗಳು ಇಷ್ಟು ದೂರ ಬಂದರೂ ಎರಡು ಕೊರತೆ ಉಳಿದಿವೆ. ಮೊದಲನೆಯದು ಹಾಡಿನ ಹರವಿನದು. ಜನಪದ ಗಾಯಕರಾದ ನೀಲಗಾರರು ತಂಬೂರಿ, ಗಗ್ಗರ ಹಿಡಿದು ಮಂಟೇಸ್ವಾಮಿ ಕಾವ್ಯವನ್ನು ರಾತ್ರಿಯಿಡೀ ಹಾಡುತ್ತಾರೆ. ಕಥೆ ಅಲ್ಲಿ ಬಿಡುವಾಗಿ ಬೆಳೆಯುತ್ತದೆ. ಬ್ಯಾಂಡುಗಳು ಇನ್ನೂ ಹೆಚ್ಚಾಗಿ ಐದು ನಿಮಿಷದ ಹಾಡಿನ ಚೌಕಟ್ಟಿಗೇ ಅಂಟಿಕೊಂಡಿವೆ. ಎರಡನೆಯದು ಋಣದ ಮಾತು. ಯಾರಿಂದ ಕಲಿತ ಮಟ್ಟು ಎಂಬುದನ್ನು ಮುಚ್ಚಿಟ್ಟು ‘ಸಾಂಪ್ರದಾಯಿಕ’ ಎಂದು ಬರೆದುಬಿಟ್ಟರೆ ಕಲಿಸಿದವರಿಗೆ ಹೆಸರೂ ಇಲ್ಲ, ಹಣವೂ ಇಲ್ಲ.

ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕದಲ್ಲಿ ಕಲಿಯಬಯಸುವವರಿಗೆ ದೊಡ್ಡ ಸಂಗ್ರಹವೇ ಇದೆ. ಹೊಸ ಸಂಗೀತಗಾರರು ಅಲ್ಲಿಗೆ ಹೋಗಲಿ, ಊರಿನ ಮೇಳಗಳಲ್ಲಿ ಕೂತು ಕೇಳಲಿ, ಎಷ್ಟು ಬೇಕಾದರೂ ಪ್ರಯೋಗ ಮಾಡಲಿ. ಹಾಡು ಕೊಟ್ಟವರ ಹೆಸರನ್ನು ಆಲ್ಬಮ್ಮಿನಲ್ಲಿ ಬರೆಯಲಿ, ಅವರ ಪಾಲನ್ನು ಅವರಿಗೆ ಸಲ್ಲಿಸಲಿ.