ಗೋಧನ ಮತ್ತು ಕರುವಿನ ಪಾಲು

ಕನ್ನಡದ ‘ದನ’ ಎಂಬ ಮಾತು ಸಂಸ್ಕೃತದ ‘ಧನ’ ಶಬ್ದದ ತದ್ಭವವೆಂದು ನಿಘಂಟುಕಾರರು ಹೇಳುತ್ತಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹಪರಿಮಾಣವ್ರತದ ಅತಿಚಾರಗಳ ನಡುವೆ ಬರುವ ‘ಧನ’ ಶಬ್ದಕ್ಕೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಗೋವು ಮೊದಲಾದುವು ಎಂದೇ ಅರ್ಥ ಮಾಡಿದ್ದಾರೆ. ಹೊಲಮನೆ, ಹೊನ್ನುಬೆಳ್ಳಿಗಳಂತೆ ಹಸುವೂ ಶ್ರಾವಕನು ಮಿತಿ ಹಾಕಿಕೊಳ್ಳಬೇಕಾದ ಆಸ್ತಿಯಾಯಿತು. ಆದರೆ ಹೊನ್ನಿಗೆ ಹಸಿವಿಲ್ಲ. ಹಸುವಿಗೆ ಹಸಿವೂ ಉಂಟು, ಕರುವೂ ಉಂಟು. ಆದುದರಿಂದ ಗೋಧನದ ವಿಚಾರ ಅಪರಿಗ್ರಹದಲ್ಲಿ ಮುಗಿಯದೆ ಅಹಿಂಸೆಯನ್ನೂ ಮುಟ್ಟುತ್ತದೆ. ಹಾಲಿನಲ್ಲಿ ಕರುವಿನ ಪಾಲು ಯಾವುದು ಎಂಬುದನ್ನು ಆಚಾರಗ್ರಂಥಗಳ ಮತ್ತು ಕನ್ನಡನಾಡಿನ ಗೋತಳಿಗಳ ಇತಿಹಾಸದ ನೆರವಿನಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶ್ವೇತಾಂಬರ ಪರಂಪರೆಯ ಏಳನೆಯ ಅಂಗವಾದ ಉವಾಸಗದಸಾಓ ಗ್ರಂಥದಲ್ಲಿ ಹತ್ತು ಮಂದಿ ಉಪಾಸಕರ ಚರಿತೆಗಳಿವೆ. ಅಲ್ಲಿ ಒಂದು ವ್ರಜವೆಂದರೆ ೧೦,೦೦೦ ಹಸುಗಳ ಹಿಂಡು. ವಾಣಿಜ್ಯಗ್ರಾಮದ ಆನಂದನು ನಾಲ್ಕು ವ್ರಜಗಳ ಒಡೆಯ. ಭಗವಾನ್ ಮಹಾವೀರರ ಸನ್ನಿಧಿಯಲ್ಲಿ ವ್ರತ ಹಿಡಿದಾಗ ಆ ನಾಲ್ಕನ್ನೇ ತನ್ನ ಗಡಿಯಾಗಿ ಇರಿಸಿಕೊಂಡನು. ಈ ಸಂಖ್ಯೆಗಳು ಕಥನಸಂಪ್ರದಾಯದವಾದರೂ ಶ್ರಾವಕರ ಸಿರಿಯನ್ನು ಹಸುವಿನಿಂದ ಅಳೆಯುತ್ತಿದ್ದರೆಂಬುದು ಇದರಿಂದ ವಿದಿತವಾಗುತ್ತದೆ.

ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗ ಕೊಯ್ಯುವುದು, ಮಿತಿಮೀರಿ ಹೊರೆ ಹೇರುವುದು, ಮೇವುನೀರು ತಡೆಯುವುದು ಎಂಬ ಇವು ಮುಖ್ಯವಾಗಿ ಕೊಟ್ಟಿಗೆಯಲ್ಲಿ ಒದಗುವ ದೋಷಗಳೇ ಆಗಿವೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರನು ಸಾಗಾರಧರ್ಮಾಮೃತದಲ್ಲಿ ಇದನ್ನು ಇನ್ನಷ್ಟು ಬಿಡಿಸಿದ್ದಾನೆ. ನೈಷ್ಠಿಕ ಶ್ರಾವಕನು ದನಗಳಿಂದ ಜೀವನೋಪಾಯ ಮಾಡುವುದನ್ನೇ ಬಿಡಬೇಕು. ಇಲ್ಲವೇ ಕಟ್ಟುಪಾಶಗಳಿಲ್ಲದೆ ಅವನ್ನು ಇರಿಸಿಕೊಳ್ಳಬೇಕು. ಅದೂ ಆಗದಿದ್ದರೆ ನಿರ್ದಯನಾಗಿ ಕಟ್ಟಬಾರದು. ಈ ಮೂರು ಮೆಟ್ಟಿಲುಗಳಲ್ಲಿ ಗೃಹಸ್ಥನ ದೌರ್ಬಲ್ಯಕ್ಕೆ ಎಡೆಯಿದೆ, ಕ್ರೌರ್ಯಕ್ಕೆ ಎಡೆಯಿಲ್ಲ.

ಹಾಲಿಗೆ ಅನ್ನಪಾನನಿರೋಧದ ಸಂಬಂಧವೇನೆಂಬುದು ಹಸುವಿನ ದೇಹಧರ್ಮವನ್ನು ನೋಡಿದಲ್ಲಿ ಸ್ಪಷ್ಟವಾಗುತ್ತದೆ. ಸುಮಾರು ೨೮೦ ದಿನಗಳ ಗರ್ಭವನ್ನು ಹೊತ್ತು ಈದ ಬಳಿಕವೇ ಹಸು ಹಾಲೂಡುತ್ತದೆ. ರಕ್ತದಿಂದ ಬಂದ ಸಾರದಿಂದ ಕೆಚ್ಚಲಿನ ಸೂಕ್ಷ್ಮಕೋಶಗಳಲ್ಲಿ ಹಾಲು ಸಿದ್ಧವಾಗುತ್ತದೆ. ಕರು ಬಾಯಿಟ್ಟೊಡನೆ ಆ ಸ್ಪರ್ಶದ ಸುದ್ದಿ ಮಿದುಳಿಗೆ ಮುಟ್ಟಿ, ಆಕ್ಸಿಟೋಸಿನ್ ಎಂಬ ಸ್ರಾವ ರಕ್ತದಲ್ಲಿ ಹರಿದು, ಕೋಶಗಳನ್ನು ಹಿಂಡಿ ಹಾಲನ್ನು ಇಳಿಸುತ್ತದೆ. ಇದನ್ನೇ ನಮ್ಮ ಜನ ‘ಸೊರೆ ಬಿಡುವುದು’ ಎನ್ನುತ್ತಾರೆ. ನಾಡತಳಿಯ ಹಸುಗಳಲ್ಲಿ ಹಲವು, ಕರು ಎದುರಿಗಿಲ್ಲದಿದ್ದರೆ ಸೊರೆ ಬಿಡುವುದೇ ಇಲ್ಲ. ಹೀಗೆ ಕರೆಯುವವನ ಪಾತ್ರೆಗೆ ಬೀಳುವ ಹಾಲು ಕರುವಿನ ನಿಮಿತ್ತದಿಂದಲೇ ಇಳಿದುದು. ಕರುವನ್ನು ಉಪವಾಸ ಕೆಡವಿ ಹಾಲು ಕರೆಯುವುದು ಅನ್ನಪಾನನಿರೋಧವೇ ಆಗುತ್ತದೆ.

ಈ ಸಂದರ್ಭದಲ್ಲಿ ಸೂತಕದ ನಿಯಮವೊಂದು ಗಮನಾರ್ಹವಾದುದು. ಈದ ಬಳಿಕ ಎಮ್ಮೆಯ ಹಾಲನ್ನು ೧೫ ದಿನ, ಹಸುವಿನದನ್ನು ೧೦ ದಿನ, ಆಡಿನದನ್ನು ೮ ದಿನ ಬಳಸಬಾರದೆಂಬುದು ಜೈನ ಶ್ರಾವಕರಲ್ಲಿ ನಡೆದುಬಂದ ಕಟ್ಟಳೆ. ಕನ್ನಡನಾಡಿನಲ್ಲಿ ಗಿಣ್ಣು ರುಚಿಯ ತಿನಿಸು. ಈ ಕಟ್ಟಳೆಯಿಂದ ಅದು ಶ್ರಾವಕನಿಗೆ ವರ್ಜ್ಯವಾಯಿತು. ನಿಯಮದ ಕಾರಣ ಅಶೌಚ. ಅದರ ಫಲ ಮಾತ್ರ ಕರುವಿಗೆ ದೊರೆಯಿತು. ರೋಗ ತಡೆಯುವ ಶಕ್ತಿಯಿಲ್ಲದೆ ಹುಟ್ಟುವ ಕರುವಿಗೆ ಆ ಶಕ್ತಿ ಬರುವುದು ಮೊದಲ ದಿನದ ಗಿಣ್ಣುಹಾಲಿನಿಂದ ಎಂಬುದನ್ನು ಇಂದಿನ ಪಶುವಿಜ್ಞಾನ ಸ್ಥಾಪಿಸಿದೆ.

ಗೋರಕ್ಷಣೆಯನ್ನು ಶಾಸ್ತ್ರವಾಗಿ ಬರೆದ ಕೀರ್ತಿಯೂ ಕನ್ನಡ ಜೈನರಿಗೆ ಸಲ್ಲುತ್ತದೆ. ಕಲ್ಯಾಣ ಚಾಲುಕ್ಯ ತ್ರೈಲೋಕ್ಯಮಲ್ಲನ ಮಗನೂ ಆರನೆಯ ವಿಕ್ರಮಾದಿತ್ಯನ ಸೋದರನೂ ಆದ ಕೀರ್ತಿವರ್ಮನು ಸು. ೧೧೨೫ರಲ್ಲಿ ‘ಗೋವೈದ್ಯ’ವನ್ನು ರಚಿಸಿದನು. ಇದಕ್ಕೆ ಒಂದು ಶತಮಾನ ಮೊದಲು, ಸು. ೧೦೨೫ರಲ್ಲಿ ರಚಿತವಾದ ‘ಲೋಕೋಪಕಾರ’ದಲ್ಲಿಯೂ ಪಶುಚಿಕಿತ್ಸೆಯ ಭಾಗವಿದೆ. ಅದರ ಕರ್ತೃ ಚಾವುಂಡರಾಯನು ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಗಂಗಮಂತ್ರಿಯಲ್ಲ. ಅರಸುಮಗನೊಬ್ಬ ದನದ ಬೇನೆಗೆ ಮದ್ದು ಬರೆಯಲು ಕುಳಿತನೆಂಬುದು ಜೀವದಯೆ ಆ ಕಾಲದಲ್ಲಿ ವಿದ್ಯೆಯ ರೂಪವನ್ನೂ ತಾಳಿತ್ತೆಂಬುದಕ್ಕೆ ಸಾಕ್ಷಿ.

ಮುಂದಿನ ಶತಮಾನಗಳಲ್ಲಿ ಕರ್ಣಾಟಕದ ಗೋತಳಿಗಳು ಬೇರೊಂದು ದಾರಿಯಲ್ಲಿ ಬೆಳೆದವು. ಶ್ರೀರಂಗಪಟ್ಟಣದ ಅರಸರ ಹಿಂಡಿಗೆ ಚಿಕ್ಕದೇವರಾಜ ಒಡೆಯರು (೧೬೭೩-೧೭೦೪) ‘ಬೆಣ್ಣೆ ಚಾವಡಿ’ ಎಂದು ಹೆಸರಿಟ್ಟರು. ಟಿಪ್ಪು ಸುಲ್ತಾನನು ಅದನ್ನು ‘ಅಮೃತಮಹಲ್’ ಎಂದು ಬದಲಿಸಿದನು. ಹೆಸರುಗಳೆರಡೂ ಹಾಲುಬೆಣ್ಣೆಯವು, ತಳಿಯ ಖ್ಯಾತಿ ಮಾತ್ರ ಫಿರಂಗಿ ಎಳೆದ ಎತ್ತುಗಳಿಂದ ಬಂದುದು. ಕಾವಲುಗಳಲ್ಲಿ ಮೇದು ಬೆಳೆದ ಈ ಹಸು ಒಂದು ಸೂಲಿಗೆ ಕೊಡುವ ಹಾಲು ಸರಾಸರಿ ಸುಮಾರು ೫೭೦ ಕಿಲೋ. ಹಳ್ಳಿಕಾರಿನದೂ ಹೆಚ್ಚುಕಡಿಮೆ ಅಷ್ಟೇ. ಬೀದರದ ಕಡೆಯ ದೇವಣಿ ೮೦೦ ಕಿಲೋ ಮೀರುತ್ತದೆ. ಎತ್ತಿನ ಬಲವೇ ಮುಖ್ಯವಾಗಿದ್ದ ಕಾಲದಲ್ಲಿ ಹೋರಿಗರುವಿಗೆ ಹಾಲು ಬಿಡುವುದು ಒಡೆಯನ ಲಾಭವೂ ಆಗಿತ್ತು. ದಯೆಯೂ ಲಾಭವೂ ಅಲ್ಲಿ ಕೂಡಿ ನಡೆದವು.

ಇಂದು ಅವು ಅಗಲಿವೆ. ಸೂಲಿಗೆ ಹಲವು ಸಾವಿರ ಕಿಲೋ ಹಾಲು ಕೊಡುವ ವಿದೇಶಿ ಹಾಗೂ ಮಿಶ್ರತಳಿಗಳು ಕರುವಿಲ್ಲದೆಯೂ ಹಾಲಿಳಿಸುತ್ತವೆ. ಉಳುಮೆಗೆ ಟ್ರಾಕ್ಟರು ಬಂದ ಮೇಲೆ ಹೋರಿಗರು ಒಡೆಯನಿಗೆ ಬೇಡವಾಯಿತು. ಪ್ಯಾಕೆಟ್ಟಿನ ಹಾಲು ಕೊಳ್ಳುವ ಶ್ರಾವಕನಿಗೆ ಕರು ಕಾಣುವುದೇ ಇಲ್ಲ. ಹಾಲನ್ನು ಸೋಸಿ ಸಕಾಲದಲ್ಲಿ ಕಾಯಿಸುವ ನಿಯಮ ಮನೆಯೊಳಗೆ ಉಳಿದಿದ್ದರೂ ಕೊಟ್ಟಿಗೆಯ ಐದು ಅತಿಚಾರಗಳು ಅವನ ಕಣ್ಣಿಗೆ ಮರೆಯಾಗಿವೆ.

ಗೊಮ್ಮಟೇಶ್ವರನ ಅಭಿಷೇಕಕ್ಕೆ ಕೊಡಗಟ್ಟಲೆ ಹಾಲು ಸಾಲದಾದಾಗ ಗುಳ್ಳಕಾಯಜ್ಜಿಯ ಪುಟ್ಟ ಪಾತ್ರೆಯ ಹಾಲು ಸಾಕಾಯಿತೆಂದು ಐತಿಹ್ಯ ಹೇಳುತ್ತದೆ. ಹಾಲಿನ ಹಿರಿಮೆ ಅಳತೆಯಲ್ಲಿಲ್ಲವೆಂಬುದು ಅದರ ತಾತ್ಪರ್ಯ. ಆಶಾಧರನ ಮೂರು ಮೆಟ್ಟಿಲುಗಳಲ್ಲಿ ತಾನು ಯಾವುದರ ಮೇಲೆ ನಿಂತಿದ್ದೇನೆಂದು ಇಂದಿನ ಶ್ರಾವಕನು ಕೇಳಿಕೊಳ್ಳುವುದಾದರೆ, ಮೊದಲು ಅರಸಬೇಕಾದುದು ತಾನು ಕುಡಿಯುವ ಹಾಲಿನ ಹಿಂದಿರುವ ಕರುವನ್ನು.