ಹೊಸ ತರಕಾರಿ, ಹಳೆಯ ಪಂಕ್ತಿ

ಅಡುಗೆಮನೆಗೆ ಶಾಸನಗಳಿಲ್ಲ. ದೇವರ ನೈವೇದ್ಯಕ್ಕೆಂದು ಬಿಟ್ಟ ಅಕ್ಕಿ, ತುಪ್ಪಗಳ ಲೆಕ್ಕ ಕಲ್ಲಿನ ಮೇಲೆ ಸಿಕ್ಕೀತು. ಆದರೆ ಗೃಹಿಣಿಯೊಬ್ಬಳು ಅದುವರೆಗೆ ಕಂಡರಿಯದ ಕಾಯಿಯೊಂದನ್ನು ಹೆಚ್ಚಿ, ಅಂಜುತ್ತಲೇ ಹುಳಿಗೆ ಹಾಕಿ, ಮನೆಗೆ ಬಂದ ಇಷ್ಟಮಿತ್ರರ ಎಲೆಗೆ ಬಡಿಸಿದ ದಿನವನ್ನು ಯಾರೂ ಬರೆದಿಟ್ಟಿಲ್ಲ. ಅಂತಹ ದಿನಗಳು ಬಂದು ಹೋದುವೆಂಬುದಕ್ಕೆ ಸಾಕ್ಷ್ಯ ಬೇರೊಂದು ಕಡೆ ಇದೆ: ನಾವು ದಿನವೂ ಉಚ್ಚರಿಸುವ ತರಕಾರಿಗಳ ಹೆಸರುಗಳಲ್ಲಿ.

ಕನ್ನಡದಲ್ಲಿ ಪಾಕಶಾಸ್ತ್ರದ ಬರವಣಿಗೆ ಬಹು ಹಳೆಯದು. ಸುಮಾರು 920ರ ಕಾಲದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಅದನ್ನು ಮಾಡುವ ಕ್ರಮವೇ ದೊರೆಯುತ್ತದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯೊಡನೆ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳನ್ನು ಕೂಡಿಸಬೇಕು. ಅಕ್ಕಿಯ ಮಾತೇ ಇಲ್ಲ! ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿಯೂ (ಸುಮಾರು 1130) ಇಡ್ಡರಿಕಾ, ದೋಸಕಾ ಎಂಬ ಹೆಸರುಗಳಿವೆ. ಅಂದರೆ ಇಂದು ನಾವು ಸನಾತನವೆಂದು ಭಾವಿಸಿರುವ ಅಕ್ಕಿಯ ಇಡ್ಲಿಯೂ ಒಂದು ಕಾಲಕ್ಕೆ ಯಾರೋ ಮನೆಯಲ್ಲಿ ಮಾಡಿ ನೋಡಿದ ಹೊಸ ತಿಂಡಿಯೇ.

ಈ ಪರಂಪರೆಯಲ್ಲಿ ಸುಮಾರು 1508ರ ಕಾಲದವನಾದ ಮೂರನೆಯ ಮಂಗರಸನ ಸೂಪಶಾಸ್ತ್ರಕ್ಕೆ ವಿಶೇಷ ಸ್ಥಾನವಿದೆ. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನದ ಬಗೆಗಳು, ಬದನೆ, ಹಲಸು, ಬಾಳೆಗಳ ಅಡುಗೆಗಳನ್ನು ಅವನು ಪದ್ಯದಲ್ಲಿ ಹೇಳಿದ್ದಾನೆ. ಅವನ ಕಾಲವನ್ನು ಸ್ವಲ್ಪ ಗಮನಿಸಬೇಕು. ವಾಸ್ಕೋ ಡ ಗಾಮನು ಕಲ್ಲಿಕೋಟೆಯ ಬಳಿ ಇಳಿದದ್ದು 1498ರಲ್ಲಿ; ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಮಂಗರಸನ ಅಡುಗೆಮನೆ ಈ ಎರಡು ವರ್ಷಗಳ ನಡುವಿನದು. ಅವನ ಒಲೆಯ ಮೇಲೆ ಮೆಣಸಿನಕಾಯಿಯಿಲ್ಲ, ಆಲೂಗಡ್ಡೆಯಿಲ್ಲ, ಟೊಮೆಟೊ ಇಲ್ಲ. ಇವೆಲ್ಲವೂ ಅಮೆರಿಕ ಖಂಡದ ಮೂಲದವು. ಕೊಲಂಬಸನು 1492ರಲ್ಲಿ ಅತ್ತ ಮುಟ್ಟಿದ ಮೇಲೆಯೇ ಉಳಿದ ಲೋಕಕ್ಕೆ ಇವುಗಳ ಪರಿಚಯವಾಯಿತು.

ಬಂದ ಹೊಸ ವಸ್ತುಗಳಿಗೆ ಹೆಸರಿಟ್ಟವರು ಪಂಡಿತರಲ್ಲ. ಖಾರದ ಕಾಯಿಗೆ ದೊರೆತ ಹೆಸರನ್ನೇ ನೋಡಿರಿ. ನಮ್ಮವರಿಗೆ ಖಾರವೆಂದರೆ ಮೆಣಸು; ಆದ್ದರಿಂದ ಇದು ಮೆಣಸಿನ ಕಾಯಿ. ಹೊಸದು ಎಷ್ಟು ಬೇಗ ಮನೆಮಾತಾಯಿತೆಂದರೆ ಹಳೆಯ ಮೆಣಸಿಗೇ ವಿಶೇಷಣ ಬೇಕಾಯಿತು. ಒಂದೆಡೆ ಅದು ಕಾಳುಮೆಣಸು, ಕರಿಮೆಣಸು ಆಯಿತು. ಕರಾವಳಿಯವರು ಅದನ್ನು ಒಳ್ಳೆಮೆಣಸೆಂದೂ ತುಳುವಿನಲ್ಲಿ ಎಡ್ಡೆ ಮುಂಚಿ ಎಂದೂ ಕರೆದರು. ಹಳೆಯದು ಒಳ್ಳೆಯದು ಎಂಬ ತೀರ್ಪು ಆ ಹೆಸರಿನಲ್ಲಿ ಅಡಗಿದೆ. ತೀರ್ಪಿತ್ತ ಬಳಿಕವೂ ಅದೇ ಕೈಗಳು ಒಗ್ಗರಣೆಗೆ ಒಣಮೆಣಸಿನಕಾಯಿಯನ್ನು ಮುರಿದು ಹಾಕಿದುವು ಎಂಬುದು ಬೇರೆ ಮಾತು. ಟೊಮೆಟೊ ಚಪ್ಪರಬದನೆಯಾಯಿತು. ಬಳ್ಳಿಯಲ್ಲಿ ತೂಗುವ ಇನ್ನೊಂದು ಪರದೇಶಿ ಕಾಯಿ ಸೀಮೆಬದನೆಯಾಯಿತು. ಆಲೂಗಡ್ಡೆಯನ್ನು ಮಾತ್ರ ಕರಾವಳಿಯವರು ಪೋರ್ಚುಗೀಸರಿಂದ ಬಂದ ಹೆಸರಿನಲ್ಲಿಯೇ ಬಟಾಟೆ ಎನ್ನುತ್ತಾರೆ. ಹೀಗೆ ಅಪರಿಚಿತವನ್ನು ಪರಿಚಿತದ ಬಳಗಕ್ಕೆ ಸೇರಿಸಿಕೊಂಡುದರಿಂದ ಅದನ್ನು ಅಡುವ ಬಗೆಯೂ ತಾನಾಗಿ ನಿಶ್ಚಯವಾಯಿತು. ಬದನೆಯ ಬಳಗಕ್ಕೆ ಸೇರಿದ್ದು ಬದನೆಯಂತೆಯೇ ಹುಳಿಗೆ, ಗೊಜ್ಜಿಗೆ, ಪಲ್ಯಕ್ಕೆ ಬಿದ್ದಿತು.

ಬದನೆಗೇ ಏಕೆ ಈ ಮರ್ಯಾದೆ ಎಂದು ಮಾಧ್ವರಿಗೆ ಹೇಳಬೇಕಾಗಿಲ್ಲ. ಮಂಗರಸನ ಸಮಕಾಲೀನರೆಂದೇ ಹೇಳಬಹುದಾದ ಶ್ರೀ ವಾದಿರಾಜಸ್ವಾಮಿಗಳು (1480–1600) ಉಡುಪಿಯ ಸಮೀಪದ ಮಟ್ಟು ಗ್ರಾಮದವರಿಗೆ ಬೀಜವನ್ನು ಅನುಗ್ರಹಿಸಿದರೆಂದೂ, ಅದರಿಂದ ಬೆಳೆದ ಕಾಯಿಯೇ ಮಟ್ಟುಗುಳ್ಳವೆಂದೂ ಐತಿಹ್ಯವಿದೆ. ವಿಷವನ್ನು ಬೆರೆಸಿದ್ದ ಹಯಗ್ರೀವ ಮಡ್ಡಿಯ ನೈವೇದ್ಯದಿಂದ ನೀಲಿಗಟ್ಟಿದ ಪ್ರತಿಮೆ ಈ ಗುಳ್ಳದ ನೈವೇದ್ಯವಾದ ಮೇಲೆ ಮೊದಲಿನಂತಾಯಿತೆಂಬ ಕಥೆಯನ್ನು ಹಿರಿಯರಿಂದ ಕೇಳದ ಮನೆ ವಿರಳ. ಭಕ್ತಿಯ ಕಥೆಯನ್ನು ಭಕ್ತಿಯಿಂದಲೇ ಕೇಳೋಣ. ಇತಿಹಾಸದ ದೃಷ್ಟಿಗೆ ಕಾಣುವುದು ಇಷ್ಟು. ಅದುವರೆಗೆ ಆ ಊರಿನಲ್ಲಿ ಇಲ್ಲದಿದ್ದ ಕಾಯಿಯೊಂದು ದೇವರ ಎಲೆಗೆ ಬಂದಿತು, ಅಲ್ಲಿಂದ ಮನೆಮನೆಯ ಎಲೆಗೆ ಇಳಿಯಿತು. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆಯಿತು.

ಎಲ್ಲ ಹೊಸ ಕಾಯಿಗಳಿಗೂ ಈ ಭಾಗ್ಯವಿರಲಿಲ್ಲ. ಸಂಪ್ರದಾಯಸ್ಥರ ಮನೆಗಳಲ್ಲಿ ಶ್ರಾದ್ಧದ ದಿನ ಆಲೂಗಡ್ಡೆ, ಎಲೆಕೋಸು, ಟೊಮೆಟೊಗಳಿಗೆ ಪ್ರವೇಶವಿಲ್ಲ, ಖಾರಕ್ಕೆ ಕಾಳುಮೆಣಸೇ. ಇದರಿಂದ ಗೃಹಿಣಿಗೆ ಒಂದು ಇಕ್ಕಟ್ಟು ಒದಗಿತು. ಮಕ್ಕಳಿಗೆ, ಅವರ ಗೆಳೆಯರಿಗೆ ಹೊಸದು ಬೇಕು. ಅದೇ ಪಂಕ್ತಿಯಲ್ಲಿ ಕುಳಿತ ಹಿರಿಯರು ಅದನ್ನು ಎಲೆಗೆ ಮುಟ್ಟಿಸಿಕೊಳ್ಳುವುದಿಲ್ಲ. ಒಂದು ಕಾಯಿಗಾಗಿ ಹಿರಿಯರೊಬ್ಬರು ಎಲೆ ಬಿಟ್ಟೆದ್ದರೆ ಅದು ಆ ಮನೆಗೆ ಸಣ್ಣ ಸಂಗತಿಯಲ್ಲ. ಆಕೆ ಕಂಡುಕೊಂಡ ಉಪಾಯ ಎರಡು ಪಾತ್ರೆಗಳು, ಒಂದೇ ಪಂಕ್ತಿ. ಹೊಸದನ್ನು ಬೇರೆ ಪಾತ್ರೆಯಲ್ಲಿ ಮಾಡಿ, ಬೇಕಾದವರಿಗೆ ಬಡಿಸಿ, ಹಳೆಯ ಹುಳಿಯನ್ನು ಎಲ್ಲರಿಗೂ ಬಡಿಸುವುದು. ಈ ವ್ಯವಸ್ಥೆಗೆ ಸಲ್ಲಬೇಕಾದ ಪ್ರಶಂಸೆ ಇನ್ನೂ ಸಂದಿಲ್ಲ.

ಊರು ಬಿಟ್ಟ ಮೇಲೆ ಪ್ರಯೋಗಗಳು ಹೆಚ್ಚಿದುವು. 1907ರಲ್ಲಿ ಮಂಗಳೂರಿಗೆ ರೈಲು ಹಳಿ ಬಂದು ಮದರಾಸಿನೊಡನೆ ಸಂಪರ್ಕ ಕೂಡಿತು. ಮುಂಬಯಿಗೆ ಹೋಗುವವರಿಗೆ ಹಡಗಿನ ಹಾದಿಯಿತ್ತು. ಕೊಂಕಣದ ಹಳಿ ಪೂರ್ಣಗೊಳ್ಳಲು 1998ರವರೆಗೆ ಕಾಯಬೇಕಾಯಿತು. ಈ ಹಾದಿಗಳಲ್ಲಿ ನಡೆದ ಉಡುಪಿಯ ಪಾಕಪ್ರವೀಣರ ಕಥೆ ಸುಪ್ರಸಿದ್ಧ. ಮಠದ ಅಡುಗೆಮನೆಯಲ್ಲಿ ದುಡಿದು ಮದರಾಸಿಗೆ ಹೋಗಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರು, 1942ರಲ್ಲಿ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ರಾಮ ನಾಯಕರು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಬಾಡಿಗೆ ಕೋಣೆಗಳ ನೆರೆಹೊರೆಯಲ್ಲಿ ನಡೆದ ಬಟ್ಟಲುಗಳ ವಿನಿಮಯ. ಮುಂಬಯಿ, ಪುಣೆಗಳ ಮರಾಠಿ ನೆರೆಯವರು ಏಕಾದಶಿಯಂದು ಮಾಡುವ ಸಾಬೂದಾನ ಖಿಚಡಿಯನ್ನು ಮಾಧ್ವರು ಆ ದಿನ ಮುಟ್ಟುವಂತಿಲ್ಲ. ಆದರೆ ಬೇರೊಂದು ದಿನದ ಸಂಜೆಯ ಫಲಾಹಾರಕ್ಕೆ ಅದನ್ನು ಕಲಿತು, ಪ್ರತಿಯಾಗಿ ಕೊಟ್ಟ ಬಟ್ಟಲಲ್ಲಿ ಬಿಸಿಬೇಳೆಯನ್ನೋ ಕೋಸಂಬರಿಯನ್ನೋ ಕಳುಹಿಸಿದರು. ಆ ಖಿಚಡಿಯ ಮರಗೆಣಸಿನ ಸಾಬೂದಾನ, ಆಲೂಗಡ್ಡೆ, ಶೇಂಗಾ, ಹಸಿಮೆಣಸಿನಕಾಯಿ ನಾಲ್ಕೂ ಅಮೆರಿಕದಿಂದ ಬಂದವು. ಉಪವಾಸದ ಪವಿತ್ರ ಆಹಾರವೆನಿಸಿದ್ದರಲ್ಲಿ ಈ ನೆಲದ್ದು ತುಪ್ಪ, ಜೀರಿಗೆಗಳ ಒಗ್ಗರಣೆ ಮಾತ್ರ!

ಅಭಾವವೂ ಹೊಸ ಅಡುಗೆಯನ್ನು ಕಲಿಸಿತು. 1942ರಲ್ಲಿ ಬರ್ಮಾ ಜಪಾನೀಯರ ವಶವಾದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು, ಪಡಿತರ ಬಂದಿತು. ಆ ಯುದ್ಧಕಾಲದ ಅಕ್ಕಿಯ ಅಭಾವದಲ್ಲಿ ರವೆಯಿಂದ ಇಡ್ಲಿ ಮಾಡಿದೆವೆಂದು 1924ರಲ್ಲಿ ಆರಂಭವಾದ ಬೆಂಗಳೂರಿನ ಎಂ.ಟಿ.ಆರ್. ಸಂಸ್ಥೆಯವರು ಹೇಳುತ್ತಾರೆ. ಅನ್ನವನ್ನೇ ಅಡುಗೆಯೆಂದು ಬಲ್ಲವರು ಗೋಧಿಯನ್ನು ಬಳಸಲು ಕಲಿತದ್ದು ಪಡಿತರ ಚೀಟಿಯ ಒತ್ತಾಯದಿಂದ. 1960ರ ದಶಕದಲ್ಲಂತೂ ಹಲವು ರಾಜ್ಯಗಳು ಅತಿಥಿ ನಿಯಂತ್ರಣ ಆಜ್ಞೆಗಳನ್ನು ಹೊರಡಿಸಿ, ಔತಣದಲ್ಲಿ ಎಷ್ಟು ಜನಕ್ಕೆ ಧಾನ್ಯದ ಊಟ ಹಾಕಬಹುದೆಂಬುದಕ್ಕೆ ಮಿತಿ ವಿಧಿಸಿದುವು. ಅತಿಥಿಯನ್ನು ದೇವರೆಂದು ನಂಬಿದವರಿಗೆ ಅತಿಥಿಗಳನ್ನು ಎಣಿಸಿ ಕರೆಯುವ ಸಂಕಟ!

ಇಷ್ಟೆಲ್ಲ ಹೊಸದನ್ನು ಜೀರ್ಣಿಸಿಕೊಂಡ ಅಡುಗೆಮನೆ ವರ್ಷಕ್ಕೊಮ್ಮೆ ಹಿಂದಿರುಗಿ ನಡೆಯುತ್ತದೆ. ಚಾತುರ್ಮಾಸ್ಯದಲ್ಲಿ ಕ್ರಮವಾಗಿ ಶಾಕ, ದಧಿ, ಕ್ಷೀರ, ದ್ವಿದಳ ವ್ರತಗಳು. ವಿವರಗಳಲ್ಲಿ ಮಠಮಠಗಳಿಗೆ ಸ್ವಲ್ಪ ಭೇದವಿದೆ. ಮೊದಲ ತಿಂಗಳಿನಲ್ಲಿ ಕಾಯಿಪಲ್ಯಗಳೊಡನೆ ಮೆಣಸಿನಕಾಯಿಯೂ ಹುಣಸೆಯೂ ದೂರವಾಗುತ್ತವೆ. ಖಾರಕ್ಕೆ ಕಾಳುಮೆಣಸು, ಹುಳಿಗೆ ಮಾವು. ಆಗ ಗೃಹಿಣಿಯ ಕೌಶಲಕ್ಕೆ ನಿಜವಾದ ಪರೀಕ್ಷೆ. ಹೆಸರುಬೇಳೆ, ಜೀರಿಗೆ, ಮೆಣಸು, ಮಾವಿನಪುಡಿಗಳಿಂದಲೇ ಮೂವತ್ತು ದಿನ ಬೇರೆ ಬೇರೆ ಸಾರು, ಗೊಜ್ಜುಗಳನ್ನು ಮಾಡಬೇಕು; ಬಂದ ನೆಂಟರಿಗೆ ವ್ರತದ ಊಟವೆಂದು ಸಂಕೋಚವಾಗದಂತೆ ಬಡಿಸಬೇಕು. ಗ್ಯಾಸಿನ ಒಲೆ, ಮಿಕ್ಸರು, ಫ್ರಿಜ್ಜುಗಳ ನಡುವೆ, ಯಾವುದೋ ಮಹಾನಗರದ ನಾಲ್ಕನೆಯ ಮಹಡಿಯ ಮನೆಯಲ್ಲಿ, ಆ ಒಂದು ತಿಂಗಳು ಒಲೆಯ ಮೇಲೆ ಕುದಿಯುವ ಸಾರಿನಲ್ಲಿ 1498ರ ಬಳಿಕ ಬಂದದ್ದು ಏನೂ ಇರುವುದಿಲ್ಲ. ಪಾರಣೆಯ ಮರುದಿನ ಪೇಟೆಯಿಂದ ಮೊದಲು ಬರುವುದು ಹಸಿಮೆಣಸಿನಕಾಯಿಯೇ.