ಜಮೀನ್ದಾರನ ಆಟದ ಒಡತಿ

ಪಗಡೆಯಲ್ಲಿ ಧರ್ಮರಾಯನು ಸೋತದ್ದು ನಮಗೆಲ್ಲ ಗೊತ್ತು. ಆ ಪಗಡೆಯನ್ನು ಮೊದಲು ಕಲ್ಪಿಸಿದವರು ಯಾರೆಂದು ನಾವು ಕೇಳಿದ್ದಿಲ್ಲ. ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿಯಾಟ ಇವಾವುವಕ್ಕೂ ಕರ್ತೃವಿಲ್ಲ. ಜಗಲಿಯ ಕಲ್ಲಿನ ಮೇಲೆ ಗೀಟೆಳೆದರೆ ಹಾಸು ಸಿದ್ಧವಾಯಿತು. ಹುಣಿಸೆಬೀಜ, ಕವಡೆ, ಬಳೆಚೂರುಗಳಿಗೆ ಬೆಲೆ ಕೇಳುವವರಿಲ್ಲ. ಆದರೆ ಆಟವೊಂದು ರಟ್ಟಿನ ಪೆಟ್ಟಿಗೆಯೊಳಗೆ ಸೇರಿ ಅಂಗಡಿಯ ಸರಕಾದ ಕೂಡಲೇ ಪ್ರಶ್ನೆ ಏಳುತ್ತದೆ: ಇದು ಯಾರ ಕಲ್ಪನೆ? ಮಾರಾಟವಾದ ಪ್ರತಿಯೊಂದು ಪೆಟ್ಟಿಗೆಯ ಮೇಲಿನ ರಾಯಧನ ಯಾರಿಗೆ ಸಲ್ಲತಕ್ಕದ್ದು? ಅಮೆರಿಕದಲ್ಲಿ ಒಮ್ಮೆ ಎದ್ದ ಈ ಪ್ರಶ್ನೆಗೆ ಐನೂರು ಡಾಲರುಗಳ ಉತ್ತರ ದೊರೆಯಿತು. ಸುಮಾರು ನಲವತ್ತು ವರ್ಷಗಳ ಮೇಲೆ ನ್ಯಾಯಾಲಯದಲ್ಲಿ ಅದು ಮತ್ತೆ ತಲೆಯೆತ್ತಿತು. ಆ ಕಥೆಯನ್ನು ಇಲ್ಲಿ ಹೇಳಹೊರಟಿದ್ದೇನೆ.

ಆಟದ ಹೆಸರು ‘ಮೊನೊಪಲಿ’. ಏಕಸ್ವಾಮ್ಯವೆಂದು ಅದರ ಅರ್ಥ. ದಾಳ ಉರುಳಿಸಿ, ಕಾಯಿ ನಡೆಸಿ, ಬೀದಿಗಳನ್ನು ಕೊಂಡು, ಮನೆಗಳನ್ನು ಕಟ್ಟಿ, ಅಲ್ಲಿಗೆ ಬಂದವರಿಂದ ಬಾಡಿಗೆ ವಸೂಲು ಮಾಡಿ, ಉಳಿದವರೆಲ್ಲ ದಿವಾಳಿಯಾಗುವ ತನಕ ಆಡುವ ಆಟವದು. ನಮ್ಮ ಪಟ್ಟಣಗಳ ಮಕ್ಕಳು ‘ಬಿಸಿನೆಸ್’ ಎಂಬ ಹೆಸರಿನಲ್ಲಿ ಮುಂಬಯಿ, ದೆಹಲಿಗಳನ್ನು ಕೊಂಡು ಮಾರುವುದೂ ಇದರದೇ ಒಂದು ರೂಪ. ಫಿಲಡೆಲ್ಫಿಯದ ಚಾರ್ಲ್ಸ್ ಡ್ಯಾರೋ ಎಂಬ ಮಾರಾಟಗಾರನು 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡು, ಮನೆಯಲ್ಲಿ ಕುಳಿತು ಈ ಆಟವನ್ನು ಕಲ್ಪಿಸಿದನೆಂದು ಬಹುಕಾಲ ಪ್ರಚಾರವಿತ್ತು. ನಿರ್ಗತಿಕನೊಬ್ಬನು ಬುದ್ಧಿಬಲದಿಂದ ಐಶ್ವರ್ಯವಂತನಾದ ಕಥೆ ಕೇಳಲು ಸೊಗಸು. ಆದರೆ ಅದು ನಿಜವಲ್ಲ.

1904ರ ಜನವರಿ 5ರಂದೇ ಅಮೆರಿಕದ ಪೇಟೆಂಟ್ ಕಚೇರಿಯು ‘ಜಮೀನ್ದಾರನ ಆಟ’ವೆಂಬ ಹಾಸಿನಾಟಕ್ಕೆ ಹಕ್ಕುಪತ್ರವನ್ನು ನೀಡಿತ್ತು. ಅದನ್ನು ಪಡೆದಾಕೆ ಎಲಿಜಬೆತ್ ಮೇಗಿ. ಆಪ್ತರಿಗೆ ಆಕೆ ಲಿಜ್ಜಿ. 1866ರಲ್ಲಿ ಇಲಿನಾಯ್ ಪ್ರಾಂತದಲ್ಲಿ ಹುಟ್ಟಿದ ಆಕೆಯ ತಂದೆ ಪತ್ರಿಕೋದ್ಯಮಿ, ಗುಲಾಮಗಿರಿಯ ವಿರೋಧಿ. ಮಗಳು ವಾಷಿಂಗ್ಟನ್ನಿನಲ್ಲಿ ಶೀಘ್ರಲಿಪಿಕಾರಳಾಗಿ ದುಡಿದು ಹೊಟ್ಟೆ ಹೊರೆಯುತ್ತಿದ್ದಳು. ಹೆಣ್ಣಿಗೆ ಮದುವೆಯೊಂದೇ ಗತಿಯೆಂಬ ಸಮಾಜವನ್ನು ಅಣಕಿಸಲು 1906ರಲ್ಲಿ ತನ್ನನ್ನೇ ‘ಅಮೆರಿಕನ್ ಗುಲಾಮಳು’ ಎಂದು ಕರೆದುಕೊಂಡು, ಹೆಚ್ಚು ಬೆಲೆ ಕೂಗಿದವರಿಗೆ ಮಾರಾಟಕ್ಕಿದ್ದೇನೆಂದು ಜಾಹೀರಾತು ಕೊಟ್ಟ ಗಟ್ಟಿಗಿತ್ತಿ.

ಈ ಆಟದ ಬೇರು ಒಂದು ಪುಸ್ತಕದಲ್ಲಿದೆ. 1879ರಲ್ಲಿ ಹೆನ್ರಿ ಜಾರ್ಜ್ ಎಂಬ ಅಮೆರಿಕನ್ ಚಿಂತಕನು ‘ಪ್ರಗತಿ ಮತ್ತು ದಾರಿದ್ರ್ಯ’ ಎಂಬ ಗ್ರಂಥವನ್ನು ಪ್ರಕಟಿಸಿದನು. ಟಾಲ್‌ಸ್ಟಾಯ್ ಈತನ ವಿಚಾರವನ್ನು ಮನಸಾರೆ ಮೆಚ್ಚಿ, ತನ್ನ ‘ಪುನರುತ್ಥಾನ’ ಕಾದಂಬರಿಯ ನಾಯಕನಿಂದಲೂ ಅದನ್ನು ಆಡಿಸಿದ್ದಾನೆ. ವಿಚಾರ ಸರಳ. ಊರ ಹೊರಗಿನ ಪಾಳುನೆಲದ ಬಳಿ ರಸ್ತೆ ಬರುತ್ತದೆ, ಸಂತೆ ಕೂಡುತ್ತದೆ, ಶಾಲೆ ಏಳುತ್ತದೆ. ನೆಲದ ಬೆಲೆ ಹತ್ತು ಮಡಿಯಾಗುತ್ತದೆ. ಇದಕ್ಕಾಗಿ ಒಡೆಯನು ಕಡ್ಡಿಯನ್ನೂ ಅಲುಗಿಸಿಲ್ಲ. ಬೆಲೆಯನ್ನು ಹುಟ್ಟಿಸಿದ್ದು ಊರು. ಅದನ್ನು ಗೇಣಿಯಾಗಿ ಉಣ್ಣುವವನು ಒಬ್ಬ. ಆದ್ದರಿಂದ ಉಳಿದೆಲ್ಲ ತೆರಿಗೆಗಳನ್ನು ತೆಗೆದುಹಾಕಿ ನೆಲದ ಬೆಲೆಯ ಮೇಲೆ ಒಂದೇ ತೆರಿಗೆ ವಿಧಿಸಿ, ಊರಿನದನ್ನು ಊರಿಗೆ ಮರಳಿಸಬೇಕು. ಇದೇ ಜಾರ್ಜನ ‘ಏಕ ತೆರಿಗೆ’ ವಾದ.

ಭಾಷಣಕ್ಕೆ ಒಲಿಯದ ಜನ ಆಟಕ್ಕೆ ಒಲಿದಾರೆಂದು ಮೇಗಿ ಎಣಿಸಿದಳು. ಆಕೆಯ ಹಾಸಿನ ಒಂದು ಮೂಲೆಯಲ್ಲಿ ಭೂಮಾತೆಯ ಮನೆ. ಸುತ್ತು ಮುಗಿಸಿದವನಿಗೆ ಅಲ್ಲಿ ನೂರು ಡಾಲರ್ ಕೂಲಿ. ಇನ್ನೊಂದು ಮೂಲೆಯಲ್ಲಿ ಲಂಡನ್ನಿನ ‘ನೀಲರಕ್ತ ಪ್ರಭು’ವೊಬ್ಬನ ನೆಲ, ಅದನ್ನು ತುಳಿದವನು ನೇರವಾಗಿ ಸೆರೆಮನೆಗೆ. ಆಮೇಲೆ ಅವಳು ಎರಡು ಬಗೆಯ ನಿಯಮಗಳನ್ನೂ ರಚಿಸಿದಳು. ಒಂದರಲ್ಲಿ ಒಬ್ಬನು ಎಲ್ಲರನ್ನೂ ಬರಿಗೈ ಮಾಡಿ ಗೆಲ್ಲುತ್ತಾನೆ. ಇನ್ನೊಂದರಲ್ಲಿ ನೆಲದ ಬಾಡಿಗೆ ಸಾರ್ವಜನಿಕ ಬೊಕ್ಕಸಕ್ಕೆ ಸೇರುತ್ತದೆ; ಎಲ್ಲರಿಗಿಂತ ಬಡವನಾದ ಆಟಗಾರನ ಮೂಲಧನ ಇಮ್ಮಡಿಯಾದಾಗ ಆಟ ಮುಗಿಯುತ್ತದೆ. ಅದೇ ಹಾಸು, ಅದೇ ದಾಳ. ನಿಯಮ ಬದಲಾದರೆ ಲೋಕವೂ ಬದಲಾದೀತೆಂಬುದನ್ನು ಕೈಯಾರೆ ಆಡಿ ತಿಳಿಯಲಿ ಎಂಬುದು ಅವಳ ಉದ್ದೇಶ.

1906ರಲ್ಲಿ ನ್ಯೂಯಾರ್ಕಿನ ಒಂದು ಸಣ್ಣ ಸಂಸ್ಥೆ ಇದನ್ನು ಅಚ್ಚುಹಾಕಿಸಿತು. ಆದರೆ ಆಟ ಹಬ್ಬಿದ್ದು ಅಂಗಡಿಯಿಂದಲ್ಲ, ಕೈಯಿಂದ ಕೈಗೆ. ಡೆಲವೇರಿನ ಆರ್ಡೆನ್ ಎಂಬ ಜಾರ್ಜ್‌ವಾದಿಗಳ ಊರಿನಲ್ಲಿ, ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಲ್ಲಿ, ಜನ ತಾವೇ ಹಾಸುಗಳನ್ನು ಬರೆದುಕೊಂಡು ತಮ್ಮೂರ ಬೀದಿಗಳ ಹೆಸರಿಟ್ಟು ಆಡಿದರು. ಅಟ್ಲಾಂಟಿಕ್ ಸಿಟಿಯ ಕ್ವೇಕರ್ ಪಂಥದವರು ತಮ್ಮ ಕಡಲತೀರದ ಬೀದಿಗಳನ್ನೆಲ್ಲ ಅದರಲ್ಲಿ ತಂದಿರಿಸಿದರು. ಹೀಗೆ ಮೂವತ್ತು ವರ್ಷಗಳ ಕಾಲ ಅದು ನಮ್ಮ ಚೌಕಾಬಾರದಂತೆ ಹತ್ತು ಜನರ ಸೊತ್ತಾಗಿ ಬೆಳೆಯಿತು. ಒಂದು ನಷ್ಟ ಮಾತ್ರ ಆಯಿತು: ದಿವಾಳಿ ಎಬ್ಬಿಸುವ ನಿಯಮ ನಾಲಗೆಯ ಮೇಲೆ ಉಳಿಯಿತು, ಹಂಚಿಕೊಳ್ಳುವ ನಿಯಮ ಮರೆತುಹೋಯಿತು.

ಡ್ಯಾರೋ ಈ ಆಟವನ್ನು ಕಲಿತದ್ದು ಚಾರ್ಲ್ಸ್ ಟಾಡ್ ಎಂಬ ಪರಿಚಿತರ ಮನೆಯಲ್ಲಿ. ನಿಯಮಗಳನ್ನು ಬರೆದುಕೊಡಿರೆಂದು ಕೇಳಿ ಪಡೆದು, ಹಾಸನ್ನು ಅಂದಗೊಳಿಸಿ, ತನ್ನ ಹೆಸರಿನಲ್ಲಿ ಮಾರತೊಡಗಿದನು. ಟಾಡ್ ತನ್ನ ಹಾಸಿನಲ್ಲಿ ‘ಮಾರ್ವೆನ್ ಗಾರ್ಡನ್ಸ್’ ಎಂಬ ಸ್ಥಳದ ಹೆಸರನ್ನು ‘ಮಾರ್ವಿನ್’ ಎಂದು ತಪ್ಪಾಗಿ ಬರೆದಿದ್ದನು. ಆ ತಪ್ಪು ಡ್ಯಾರೋನ ಹಾಸಿನಲ್ಲೂ ಹಾಗೆಯೇ ಇಳಿಯಿತು. ನಕಲುಗಾರನನ್ನು ಹಿಡಿದುಕೊಡಲು ಒಂದು ಅಕ್ಷರ ಸಾಕು. ಪಾರ್ಕರ್ ಬ್ರದರ್ಸ್ ಕಂಪನಿಯು ಮೊದಲು ಇದನ್ನು ನಿರಾಕರಿಸಿ, ಮಾರಾಟದ ಭರವನ್ನು ಕಂಡು 1935ರಲ್ಲಿ ಡ್ಯಾರೋನಿಂದ ಕೊಂಡುಕೊಂಡಿತು. ಅವನಿಗೆ ರಾಯಧನ ನಿಗದಿಯಾಯಿತು; ಆ ರಾಯಧನದಿಂದಲೇ ಅವನು ಸಿರಿವಂತನಾದನು.

ಆದರೆ ಮೇಗಿಯ ಹಕ್ಕು ಸತ್ತಿರಲಿಲ್ಲ. ಮೊದಲ ಪೇಟೆಂಟಿನ ಅವಧಿ ಮುಗಿದ ಬಳಿಕ, ಮದುವೆಯಾಗಿ ಶ್ರೀಮತಿ ಫಿಲಿಪ್ಸ್ ಆಗಿದ್ದ ಆಕೆ, ಆಟವನ್ನು ಪರಿಷ್ಕರಿಸಿ 1924ರಲ್ಲಿ ಎರಡನೆಯ ಪೇಟೆಂಟು ಪಡೆದಿದ್ದಳು. ಆ ಕಾಗದ ಇರುವ ತನಕ ಕಂಪನಿಯ ಏಕಸ್ವಾಮ್ಯಕ್ಕೆ ನೆಲೆಯಿಲ್ಲ. ಜಾರ್ಜ್ ಪಾರ್ಕರ್ ಸ್ವತಃ ಆಕೆಯನ್ನು ಕಂಡನು. 1935ರ ನವೆಂಬರಿನಲ್ಲಿ ಪೇಟೆಂಟು ಕೈ ಬದಲಾಯಿಸಿತು. ಬೆಲೆ ಐನೂರು ಡಾಲರ್, ರಾಯಧನ ಸೊನ್ನೆ. ತನ್ನ ಆಟ, ಅದರೊಡನೆ ತನ್ನ ತತ್ತ್ವ, ಮನೆಮನೆಗೂ ಹೋದೀತೆಂದು ಆಕೆ ನಂಬಿದ್ದಳು. ಎರಡು ತಿಂಗಳೊಳಗೆ ಅಮೆರಿಕವೆಲ್ಲ ಡ್ಯಾರೋನನ್ನು ಕೊಂಡಾಡುತ್ತಿತ್ತು. 1936ರ ಜನವರಿಯಲ್ಲಿ, ಎಪ್ಪತ್ತರ ಅಂಚಿನ ಈ ಮುದುಕಿ ತನ್ನ ಹಳೆಯ ಹಾಸುಗಳನ್ನು ಹಿಡಿದು ವಾಷಿಂಗ್ಟನ್ನಿನ ಪತ್ರಿಕೆಗಳ ಮುಂದೆ ನಿಂತಳು. ವಕೀಲರಿಗೂ ಅಚ್ಚಿನವರಿಗೂ ತೆತ್ತ ಹಣದ ಮುಂದೆ ಬಂದದ್ದು ಕಡಿಮೆಯೆಂದು ಆಗ ವರದಿಯಾಯಿತು. ಕಂಪನಿಯು 1939ರಲ್ಲಿ ‘ಜಮೀನ್ದಾರನ ಆಟ’ವನ್ನೂ ಹೊರತಂದಿತು, ಅದು ಯಾರ ಕಣ್ಣಿಗೂ ಬೀಳಲಿಲ್ಲ. 1948ರಲ್ಲಿ ಆಕೆ ತೀರಿಕೊಂಡಳು.

ಆಕೆಯ ಹೆಸರು ಮತ್ತೆ ಬೆಳಕಿಗೆ ಬಂದದ್ದು ಇನ್ನೊಬ್ಬರ ವ್ಯಾಜ್ಯದಿಂದ. ಸ್ಯಾನ್ ಫ್ರಾನ್ಸಿಸ್ಕೋದ ಅರ್ಥಶಾಸ್ತ್ರದ ಪ್ರಾಧ್ಯಾಪಕ ರಾಲ್ಫ್ ಆನ್ಸ್‌ಪಾಕ್ 1973ರಲ್ಲಿ ‘ಆಂಟಿ-ಮೊನೊಪಲಿ’ ಎಂಬ ಆಟವನ್ನು ಹೊರತಂದನು. ಹೆಸರು ನಮ್ಮದೆಂದು ಕಂಪನಿ ತಡೆಯಿತು. ವ್ಯಾಜ್ಯ ಹತ್ತು ವರ್ಷ ನಡೆಯಿತು. 1977ರಲ್ಲಿ ಅವನ ಆಟದ ಸುಮಾರು ನಲವತ್ತು ಸಾವಿರ ಪೆಟ್ಟಿಗೆಗಳನ್ನು ಮಿನೆಸೋಟದಲ್ಲಿ ಮಣ್ಣಿನಡಿ ಹೂಳಲಾಯಿತು. ಪ್ರಾಧ್ಯಾಪಕನು ಎದೆಗುಂದದೆ, ಡ್ಯಾರೋಗಿಂತ ಮೊದಲೇ ಆ ಆಟವಾಡಿದ್ದ ವೃದ್ಧರನ್ನು ಹುಡುಕಿ ಸಾಕ್ಷ್ಯ ಕೂಡಿಸಿದನು; ಮೇಗಿಯ ಪೇಟೆಂಟು ಕಡತದಿಂದ ಹೊರಬಂದಿತು. ಮೇಲ್ಮನವಿಯ ನ್ಯಾಯಾಲಯವು 1982ರಲ್ಲಿ ಅವನ ಕಡೆಗೆ ತೀರ್ಪಿತ್ತಿತು. ಮರುವರ್ಷ ಸುಪ್ರೀಂ ಕೋರ್ಟು ಅದನ್ನು ಕದಲಿಸಲೊಪ್ಪಲಿಲ್ಲ.

ಹಾಗಾದರೆ ಮೇಗಿಗೆ ಆದ ಅನ್ಯಾಯ ಯಾವುದು? ರಾಯಧನ ಬರಲಿಲ್ಲವೆಂಬುದಷ್ಟೇ ಎಂದರೆ ಕಥೆ ಸಣ್ಣದಾಗುತ್ತದೆ. ಜಾರ್ಜ್ ಲೇಖಕನ ಕೃತಿಸ್ವಾಮ್ಯವನ್ನು ಒಪ್ಪಿದ್ದರೂ ಪೇಟೆಂಟನ್ನು ಒಪ್ಪಿದವನಲ್ಲ. ಶಿಷ್ಯೆಯಾದ ಮೇಗಿ ಎರಡೆರಡು ಪೇಟೆಂಟುಗಳನ್ನು ಪಡೆದಳೆಂಬುದನ್ನೂ ಮರೆಯಲಾಗದು. ನನಗೆ ತೋರುವುದಿಷ್ಟು. ಆಟದ ಬೀಜ ಆಕೆಯದು. ಅದನ್ನು ನೀರೆರೆದು ಬೆಳೆಸಿದವರು ಹೆಸರಿಲ್ಲದ ನೂರಾರು ಜನ. ಬೆಲೆ ಹುಟ್ಟಿದ ಮೇಲೆ ಒಬ್ಬನು ಬಂದು ಬೇಲಿ ಹಾಕಿ ಬಾಡಿಗೆ ಎತ್ತಿದನು. ಜಾರ್ಜನು ನೆಲದ ಬಗೆಗೆ ಹೇಳಿದ್ದು, ಅದನ್ನು ತೋರಿಸಲೆಂದೇ ಹುಟ್ಟಿದ ಆಟದ ಪಾಲಿಗೂ ಅಕ್ಷರಶಃ ನಿಜವಾಯಿತು. ಹಣ ಹೋದುದಕ್ಕಿಂತ ಅರ್ಥ ಹೋದುದೇ ದೊಡ್ಡ ನಷ್ಟ. ಜಮೀನ್ದಾರಿಕೆಯ ಕೇಡನ್ನು ತೋರಿಸಬೇಕೆಂದಿದ್ದ ಹಾಸು ಮಕ್ಕಳಿಗೆ ಜಮೀನ್ದಾರರಾಗುವ ಆಸೆಯನ್ನು ಕಲಿಸಿತು.

1940ರ ಅಮೆರಿಕದ ಜನಗಣತಿಯಲ್ಲಿ ಆಕೆಯ ಉದ್ಯೋಗವನ್ನು ಬರೆಯಲಾಗಿದೆ: ‘ಆಟಗಳನ್ನು ಮಾಡುವವಳು’. ಮುಂದಿನ ಅಂಕಣದಲ್ಲಿ ಆಕೆಯ ವರಮಾನ: 0.